ಮೂವತ್ತು ಜಲ್ಲೆ

ಭಾರತೀನಗರ
ಮಂಗಳವಾರ, ಜನವರಿ 27

ನನ್ನ ಅಮ್ಮನಿಗೆ,

ಶೋಭಿ ಮಾಡುವ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನನಗೆ ಜ್ವರ ಇಲ್ಲ, ಫೇಲ್ ಆಗಿಲ್ಲ, ಹಾಸ್ಟೆಲಿನ ಊಟವೂ ಸೇರುತ್ತಿದೆ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಶೋಕಿ ಯಾಕೆ ಅಂತ ನೀನು ಅಂದುಕೊಳ್ಳುತ್ತೀಯ. ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಆನ್ ಮಾಡುತ್ತಾನೆ, ಆಮೇಲೆ ನಾನು ಹೇಳಿದ್ದನ್ನೆಲ್ಲ ಜಗಲಿ ಮೇಲೆ ಕೂತವರೂ ಕೇಳಿಸಿಕೊಳ್ಳುತ್ತಾರೆ. ಈ ವಿಷಯ ಮೊದಲು ನಿನಗೆ ಮಾತ್ರ ಗೊತ್ತಾಗಬೇಕು. ಪೋಸ್ಟ್‌ಮನ್ ನಮ್ಮ ಬೀದಿಗೆ ಬರುವುದು ಹನ್ನೊಂದು ಗಂಟೆಯ ಮೇಲೆ. ಆಗ ಅಪ್ಪ ಗದ್ದೆಯಲ್ಲಿರುತ್ತಾನೆ.

ವಿಷಯ ಇಷ್ಟೆ. ನಾಲೆ ಮಗ್ಗುಲ ಗದ್ದೆಗೆ ಕಬ್ಬು ಹಾಕಲು ಅಪ್ಪನಿಗೆ ಬಿಡಬೇಡ. ಸಂಕ್ರಾಂತಿ ಹಬ್ಬದಲ್ಲಿ ನಾನು ಹೇಳಿದ ಲೆಕ್ಕ ತಪ್ಪು.

ಈ ಎರಡು ಸಾಲು ಬರೆಯಲು ನಾಲ್ಕು ಹಾಳೆ ಹರಿದೆ. ಇನ್ನು ಉಳಿದದ್ದು ಸುಲಭ ಅನ್ನಿಸುತ್ತಿದೆ.

ನಮಗೆ ಈ ಸೆಮಿಸ್ಟರಿನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಪೇಪರ್ ಇದೆ ಅಂತ ಹೇಳಿದ್ದೆನಲ್ಲ. ಗಿಡವನ್ನೋ ಪ್ರಾಣಿಯನ್ನೋ ಮನುಷ್ಯರನ್ನೋ ಅಳೆದು, ಎಣಿಸಿ, ಆ ನಂಬರುಗಳು ಏನು ಹೇಳುತ್ತವೆ, ಅದಕ್ಕಿಂತ ಮುಖ್ಯವಾಗಿ ಏನು ಹೇಳುವುದಿಲ್ಲ ಅಂತ ತಿಳಿದುಕೊಳ್ಳುವುದು. ಪಾಠ ಮಾಡುವವರು ಗೌತಮಿ ಮೇಡಂ. ಮೊದಲನೇ ಕ್ಲಾಸಿನಲ್ಲಿ ಅವರು ಪುಸ್ತಕವನ್ನೇ ತೆಗೆಸಲಿಲ್ಲ. ಎಲ್ಲರೂ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ ಅಂದರು. ನಲವತ್ತೆರಡು ಜನರ ನಂಬರನ್ನೂ ಬೋರ್ಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟರು. ಎಪ್ಪತ್ತು, ಎಂಬತ್ತರ ಹತ್ತಿರ ಇರುವೆ ಮುತ್ತಿದ ಹಾಗೆ ಚುಕ್ಕಿಗಳು. ದೂರದಲ್ಲಿ ನೂರಹನ್ನೆರಡರ ಮೇಲೆ ಒಂಟಿಯಾಗಿ ಒಂದು. ಅದು ನನ್ನದು. ಮೇಡಂ ನನ್ನ ಬೆಂಚಿನ ಹತ್ತಿರ ಬರುತ್ತಿದ್ದಾರೆ ಅನ್ನುವುದಕ್ಕೇ ನನ್ನ ಎದೆ ಹಾಗೆ ಹೊಡೆದುಕೊಂಡಿತ್ತು. ಹಿಂದಿನ ಬೆಂಚಿನವನೊಬ್ಬ, ಮೇಡಂ ಅದೊಂದನ್ನ ಅಳಿಸಿಬಿಡಿ, ಲೆಕ್ಕ ಕೆಡುತ್ತೆ ಅಂದ. ಮೇಡಂ ಅಳಿಸಲಿಲ್ಲ. ಈ ಹುಡುಗಿ ಈ ಕ್ಲಾಸಿನಲ್ಲಿ ಇದ್ದಾಳಲ್ಲ, ಇವಳನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಬೇರೆ ಯಾವುದೋ ಕ್ಲಾಸಿನ ಲೆಕ್ಕ ಆಗುತ್ತೆ ಅಂದರು. ಅಮ್ಮ, ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದಿದ್ದೇನೆ, ಎಷ್ಟೋ ಟೀಚರುಗಳನ್ನು ನೋಡಿದ್ದೇನೆ. ಅವತ್ತು ಮಾತ್ರ ನಾನು ಕೂತ ಜಾಗ ನನ್ನದೇ ಅನ್ನಿಸಿತು.

ಆ ಮೇಡಂ ಕೊಟ್ಟ ಕೆಲಸವನ್ನೇ ನಾನು ಹಾಳು ಮಾಡಿದ್ದು.

ಹಬ್ಬದ ರಜೆಗೆ ಎಲ್ಲರೂ ತಮ್ಮ ತಮ್ಮ ಊರಿನಲ್ಲಿ ಏನಾದರೂ ಎರಡನ್ನು ಹೋಲಿಸಿ ಅಳೆದು ತರಬೇಕಿತ್ತು. ಹಲಗೂರಿನ ನನ್ನ ರೂಂಮೇಟ್ ಪ್ರಿಯಾಂಕ ನಾಟಿ ಕೋಳಿ ಮೊಟ್ಟೆಯನ್ನೂ ಫಾರಂ ಮೊಟ್ಟೆಯನ್ನೂ ತೂಗಿದಳು. ನಾನು ಕಬ್ಬು ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಒಂದು ವರ್ಷದಿಂದ ನಡೆಯುತ್ತಿರುವ ಜಗಳವೇ ಪ್ರಾಜೆಕ್ಟ್ ಆಗಿ ಸಿದ್ಧವಾಗಿತ್ತಲ್ಲ. ಅಪ್ಪ ಹಾಕಿರುವುದು ಟ್ರೇಯಲ್ಲಿ ಬೆಳೆಸಿದ ಒಂಟಿ ಕಣ್ಣಿನ ಸಸಿ, ಅಗಲ ಸಾಲು. ಮಹದೇವು ದೊಡ್ಡಪ್ಪ ಹಾಕಿರುವುದು ತಾತನ ಕಾಲದ ಹಾಗೆ ಕಬ್ಬಿನ ತುಂಡು, ಇಕ್ಕಟ್ಟು ಸಾಲು. ಅಣ್ಣ ತಮ್ಮ ಇಬ್ಬರೂ ನನ್ನದೇ ಮೇಲು ಅಂತ ಹಟ ಹಿಡಿದು, ಕೊನೆಗೆ ನೀರು ಬಿಡುವ ಸರದಿಗೆ ಬಿಟ್ಟು ಬೇರೆ ಯಾವುದಕ್ಕೂ ಮಾತೇ ಆಡದ ಹಾಗೆ ಆದರು. ನಾನು ಎರಡೂ ಗದ್ದೆಯಲ್ಲಿ ಮೂವತ್ತು ಮೂವತ್ತು ಜಲ್ಲೆ ಅಳೆದು ಸರಾಸರಿ ತೆಗೆದರೆ ಸೈನ್ಸೇ ತೀರ್ಮಾನ ಹೇಳುತ್ತೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಯಾವ ಜಲ್ಲೆ ಅಳೆಯಬೇಕು ಅನ್ನುವುದನ್ನು ನಾವು ಆರಿಸಬಾರದು. ಮೇಡಂ ಇದನ್ನು ಮೂರು ಸಲ ಹೇಳಿದ್ದರು. ಚೀಟಿ ಎತ್ತಬೇಕು. ಚೀಟಿಯಲ್ಲಿ ನಾಲ್ಕನೇ ಸಾಲು, ಹನ್ನೊಂದು ಹೆಜ್ಜೆ ಅಂತ ಬಂದರೆ ಅಲ್ಲಿಗೆ ಹೋಗಿ ಬಲಗೈಗೆ ಮೊದಲು ತಗಲಿದ ಜಲ್ಲೆಯನ್ನೇ ಅಳೆಯಬೇಕು. ಅದು ಹೇಗಾದರೂ ಇರಲಿ.

ದೊಡ್ಡಪ್ಪನ ಗದ್ದೆಯಲ್ಲಿ ನಾನು ಹಾಗೇ ಮಾಡಿದೆ. ಅವರ ಹತ್ತಿರ ನನಗೆ ಮೊದಲಿಂದಲೂ ಭಯ. ಅವರು ಬದುವಿನ ಮೇಲೆ ಕೂತು, ಎಲ್ಲಾದರೂ ಅಳೆದುಕೋ ಅಂತ ಹೇಳಿ ಆ ಕಡೆ ತಿರುಗಿಕೊಂಡರು. ಚೀಟಿ ಹೇಳಿದ ಕಡೆ ಹೋದೆ. ಒಣಗಿದ್ದು, ವಾಲಿದ್ದು, ಹಂದಿ ಮುರಿದು ಮತ್ತೆ ಚಿಗುರಿದ್ದು, ಸಿಕ್ಕಿದ್ದನ್ನೆಲ್ಲ ಅಳೆದೆ.

ನಮ್ಮ ಗದ್ದೆಯಲ್ಲಿ ಅಪ್ಪ ಜೊತೆಗೆ ಬಂದ. ಜಲ್ಲೆ ಬಗ್ಗಿಸಿ ಸುಳಿಯ ಬುಡಕ್ಕೆ ಟೇಪಿನ ತುದಿ ಹಿಡಿಯುವುದು ಅವನು, ಕೆಳಗೆ ಕೂತು ಓದಿ ಬರೆಯುವುದು ನಾನು. ಎರಡು ಚೀಟಿ ಆಯಿತು. ಮೂರನೆಯದಕ್ಕೆ ಸಿಕ್ಕಿದ್ದು ನನ್ನ ಹೆಬ್ಬೆರಳಿಗಿಂತ ಸಣ್ಣದು, ಅರ್ಧ ಒಣಗಿತ್ತು. ಅಪ್ಪನ ಮುಖ ಚಿಕ್ಕದಾಯಿತು.

"ಅದು ಪೀಚು ಕಣ್ ಮಗಾ, ಬುಡು. ಮನೆಗ್ ಬಂದೋರ್ಗೆ ಕೊಳ್ತೋಗಿರೋ ಬಾಳೆಅಣ್ಣು ಕೊಟ್ಟು ಕಳಿಸ್ತೀವಾ? ಇಗಾ, ಈ ಕಡೀದು ಅಳಿ."

ನಾನು ಅಳೆದೆ. ಆಮೇಲೆ ಚೀಟಿಗೆ ಪೀಚು ಸಿಕ್ಕಿದಾಗಲೆಲ್ಲ ಅವನು ನನಗಿಂತ ಮುಂದೆ ಹೋಗಿ ತಾನೇ ಒಳ್ಳೆಯದನ್ನು ಹುಡುಕಿ ನಿಲ್ಲುತ್ತಿದ್ದ. ಮೂವತ್ತರಲ್ಲಿ ಹದಿನೇಳು ಅವನು ಆರಿಸಿದ್ದು. ನಾನು ಎಣಿಸಿದ್ದೇನೆ. ಅಂದರೆ ಅಮ್ಮ, ತಪ್ಪು ನನಗೆ ಗೊತ್ತಿಲ್ಲದೆ ಆದದ್ದಲ್ಲ. ಮೇಡಂ ಹೇಳಿದ್ದು ಒಂದು ಅಕ್ಷರವೂ ಮರೆತಿರಲಿಲ್ಲ. ಆದರೆ ಅಪ್ಪ ಅವತ್ತು ಎಷ್ಟು ಮಾತಾಡಿದ ಗೊತ್ತಾ? ಈ ಮೂಲೆಯಲ್ಲಿ ನಾನು ಕೂಸಾಗಿದ್ದಾಗ ಸೀರೆಯ ಜೋಲಿ ಕಟ್ಟಿದ್ದು, ನಾಲೆ ಒಡೆದು ನೀರು ನುಗ್ಗಿದ ವರ್ಷ ನೀವಿಬ್ಬರೂ ಚೀಲದಲ್ಲಿ ಮಣ್ಣು ಹೊತ್ತದ್ದು. ಎಂಟು ವರ್ಷದಲ್ಲಿ ರಜೆಗೆ ಬಂದಾಗಲೆಲ್ಲ ಊಟ ಆಯ್ತಾ, ಬಸ್ಸು ಎಷ್ಟೊತ್ತಿಗೆ ಅನ್ನುವುದು ಬಿಟ್ಟು ಅವನು ನನ್ನ ಹತ್ತಿರ ಬೇರೆ ಮಾತಾಡಿದ್ದು ನೆನಪಿಲ್ಲ. ಟೇಪಿನ ಆ ತುದಿ ಅವನು, ಈ ತುದಿ ನಾನು. ಆ ಪೀಚು ಜಲ್ಲೆಯನ್ನೇ ಅಳೆಯಬೇಕಪ್ಪ ಅಂತ ಹೇಳಿದರೆ ಅದೆಲ್ಲ ಅಲ್ಲಿಗೇ ನಿಂತುಹೋಗುತ್ತೆ ಅನ್ನಿಸಿತು. ಹೇಳಲಿಲ್ಲ.

ಸಂಜೆ ಲೆಕ್ಕ ಹಾಕಿದರೆ ಅಪ್ಪನ ಕಬ್ಬು ದೊಡ್ಡಪ್ಪನದಕ್ಕಿಂತ ಇಪ್ಪತ್ತೆಂಟು ಸೆಂಟಿಮೀಟರ್ ಉದ್ದ. ಒಂದಡಿ ಹತ್ತಿರ. ಅಪ್ಪ ಮಾರನೇ ದಿನ ಟೀ ಅಂಗಡಿಯಲ್ಲಿ ಕೂತು, ನಮ್ಮ ಸೋಬಿ ಸೈನ್ಸ್ ಪ್ರಕಾರ ಅಳೆದವಳೆ ಅಂತ ಎಲ್ಲರಿಗೂ ಹೇಳಿದ. ಮನೆಗೆ ಬಂದು, ನಾಲೆ ಮಗ್ಗುಲ ಗದ್ದೆಗೂ ಇದೇ ಸಸಿ ಅಂದುಬಿಟ್ಟ.

ಆಗ ನೀನು ಅಡುಗೆಮನೆ ಬಾಗಿಲಲ್ಲಿ ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಆ ಗದ್ದೆಗೆ ಕಬ್ಬು ಬೇಡ ಅಂತ ಅಪ್ಪನ ಹತ್ತಿರ ಒಂದು ವರ್ಷ ವಾದ ಮಾಡಿದವಳು ನೀನು. ಮನೆಯ ಅಕ್ಕಿ ಮನೆಯಲ್ಲೇ ಬೆಳೆಯಬೇಕು, ಕಬ್ಬು ಒಂದು ಸಲ ಕೂತರೆ ಮೂರು ವರ್ಷ ಏಳುವುದಿಲ್ಲ ಅಂತ ಹೇಳುತ್ತಿದ್ದವಳು. ಅವತ್ತು ವಾದ ಮಾಡಲಿಲ್ಲ. ನನ್ನ ಹಾಳೆಯ ಕಡೆ ನೋಡಿದೆ, ನನ್ನ ಕಡೆ ನೋಡಿದೆ.

"ಓದಿರೋಳು ನೀನೇ ಏಳುದ್ ಮ್ಯಾಲೆ ಆಯ್ತು ಬುಡು ಕಣವ್ವ."

ಅಷ್ಟೇ ನೀನು ಹೇಳಿದ್ದು. ಅದನ್ನು ನಾನು ಬಸ್ಸಿನಲ್ಲಿ ಮಂಡ್ಯದ ತನಕ, ಮಂಡ್ಯದಿಂದ ಇಲ್ಲಿಯ ತನಕ ಹೊತ್ತು ತಂದೆ. ಇನ್ನೂ ಇಳಿಸಿಲ್ಲ.

ಹೋದ ಬುಧವಾರ ಕ್ಲಾಸಿನಲ್ಲಿ ಮೇಡಂ ಎಲ್ಲರ ನಂಬರುಗಳನ್ನೂ ಚುಕ್ಕಿ ಮಾಡಿಸಿದರು. ದೊಡ್ಡಪ್ಪನ ಚುಕ್ಕಿಗಳು ಆ ತುದಿಯಿಂದ ಈ ತುದಿಗೆ ಹರಡಿಕೊಂಡವು. ಅಪ್ಪನವು ಒಂದೇ ಕಡೆ ಗಂಟು ಕಟ್ಟಿದ ಹಾಗೆ. ಮೇಡಂ ಸ್ವಲ್ಪ ಹೊತ್ತು ನೋಡಿ, ನಿಮ್ಮ ತಂದೆಯ ಗದ್ದೆಯಲ್ಲಿ ಕುಳ್ಳ ಕಬ್ಬೇ ಹುಟ್ಟುವುದಿಲ್ಲವೇನಮ್ಮ ಅಂತ ಕೇಳಿದರು. ಕ್ಲಾಸು ನಕ್ಕಿತು. ಅವರು ನಗಲಿಲ್ಲ. ಸರಾಸರಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ, ಹರಡಿರುವುದನ್ನೂ ನೋಡಬೇಕು ಅಂತ ಎಲ್ಲರಿಗೂ ಹೇಳಿದರು. ಆಮೇಲೆ ನನ್ನೊಬ್ಬಳನ್ನೇ ಕರೆದು, ಜಲ್ಲೆ ಆರಿಸಿದ್ದು ಯಾರು ಅಂತ ಕೇಳಿದರು. ಹೇಳಿದೆ. ಬೈಯಲಿಲ್ಲ. ಮಾರ್ಕ್ಸ್ ಬಗ್ಗೆ ಚಿಂತೆ ಬೇಡ, ಮತ್ತೆ ಅಳೆದು ಬಾ ಅಂದರು. ಈ ಲೆಕ್ಕ ನಂಬಿಕೊಂಡು ಯಾರಾದರೂ ಏನಾದರೂ ಮಾಡುತ್ತಿದ್ದಾರಾ ಅಂತಲೂ ಕೇಳಿದರು. ನಾನು ಇಲ್ಲ ಅಂದೆ. ಆ ಲೆಕ್ಕ ಮೊದಲನೆಯದು, ಇದು ಎರಡನೇ ಸುಳ್ಳು.

ಮೂರನೆಯದು ನಿನಗೆ ಹೇಳಿದ್ದು. ಶನಿವಾರ ಸ್ಪೆಷಲ್ ಕ್ಲಾಸ್ ಇದೆ ಅಂದೆನಲ್ಲ, ಇರಲಿಲ್ಲ. ಅಪ್ಪ ಮಂಡ್ಯಕ್ಕೆ ಹೋಗುವ ದಿನ ಅಂತ ನೋಡಿಕೊಂಡು ಪ್ರಿಯಾಂಕನನ್ನು ಕರೆದುಕೊಂಡು ನಮ್ಮ ಕೊತ್ತತ್ತಿಗೆ ಬಂದಿದ್ದೆ. ಊರೊಳಗೆ ಬರಲಿಲ್ಲ. ನಾಲೆ ಏರಿ ಹಿಡಿದು ಸೀದಾ ಗದ್ದೆಗೆ ಹೋದೆವು. ಈ ಸಲ ಚೀಟಿ ಎತ್ತುವುದು ಪ್ರಿಯಾಂಕ, ಅಳೆಯುವುದು ನಾನು. ಕಬ್ಬಿನ ಗರಿ ಕುಯ್ದು ಇಬ್ಬರ ಕೈಯೂ ಗೀಚು ಗೀಚು. ಮೊಟ್ಟೆ ತೂಗುವುದೇ ವಾಸಿ ಕಣೆ ಅಂತ ಅವಳು ನಾಲ್ಕು ಸಲ ಹೇಳಿದಳು.

ನಮ್ಮ ಗದ್ದೆ ಮುಗಿಸಿ ಈಚೆ ಬರುವಾಗ ದೊಡ್ಡಪ್ಪ ಬದುವಿನ ಮೇಲೆ ನಿಂತಿದ್ದರು. ಮನೆಗೆ ಹೋಗದೆ ಗದ್ದೆಗೆ ಬಂದಿದ್ದೀಯಲ್ಲ, ಕಬ್ಬು ಕದಿಯಲು ಬಂದೆಯಾ ಅಂದರು. ನಾನು ಅಳುವುದೊಂದು ಬಾಕಿ. ಹೇಗೋ ವಿಷಯ ಒಪ್ಪಿಸಿದೆ. ಕೇಳಿಸಿಕೊಂಡು, ಹಾಗಾದರೆ ನನ್ನದೂ ಇನ್ನೊಂದು ಸಲ ಅಳೆದುಕೋ, ಅವತ್ತು ನೀನು ಹೆದರಿ ಹೆದರಿ ಅಳೆದೆ ಅಂದರು. ಅದನ್ನೂ ಅಳೆದೆವು. ಇಬ್ಬರಿಗೂ ಒಂದೊಂದು ಎಳನೀರು ಕೆತ್ತಿಕೊಟ್ಟರು. ಅವರನ್ನು ಕಂಡರೆ ನನಗೆ ಯಾಕೆ ಅಷ್ಟು ಭಯ ಇತ್ತೋ.

ಸರಿಯಾಗಿ ಅಳೆದರೆ ಎರಡೂ ಹೆಚ್ಚುಕಮ್ಮಿ ಒಂದೇ, ಅಮ್ಮ. ಆ ಇಪ್ಪತ್ತೆಂಟು ಸೆಂಟಿಮೀಟರ್ ಎಲ್ಲೂ ಇಲ್ಲ.

ಇನ್ನೊಂದು ಮಾತು. ಅವತ್ತು ನಿನ್ನನ್ನು ನೋಡಿದೆ. ನಾಲೆ ಮಗ್ಗುಲ ಗದ್ದೆಯ ಬದುವಿನಲ್ಲಿ ನೀನು ಅವರೆಕಾಯಿ ಬಿಡಿಸುತ್ತಿದ್ದೆ, ಮಡಿಲು ತುಂಬಿತ್ತು. ಕೊಯ್ಲಾದ ಗದ್ದೆಯ ಕೂಳೆಯನ್ನು ನೀನು ಕಾಲಿನಲ್ಲಿ ಒತ್ತಿ ನೋಡಿದೆ, ಹಸಿ ಇದೆಯಾ ಅಂತ ಇರಬೇಕು. ಆಮೇಲೆ ಸುಮ್ಮನೆ ಗದ್ದೆಯ ಆ ತುದಿಯ ತನಕ ನಡೆದು ವಾಪಸ್ ಬಂದೆ. ಏನೂ ಕೆಲಸ ಇರಲಿಲ್ಲ ಅಲ್ಲಿ. ಕಬ್ಬಿನ ಹಿಂದೆ ನಿಂತು ನೋಡುತ್ತಿದ್ದ ನಾನು ಅಮ್ಮ ಅಂತ ಕರೆಯಬೇಕಿತ್ತು. ಕರೆಯಲಿಲ್ಲ.

ಅಪ್ಪ ಈ ಶನಿವಾರದೊಳಗೆ ನರ್ಸರಿಗೆ ಎಷ್ಟು ಸಸಿ ಬೇಕು ಅಂತ ಹೇಳಬೇಕಂತೆ. ಅಷ್ಟರೊಳಗೆ ನೀನು ಏನಾದರೂ ಮಾಡಿ ನಿಲ್ಲಿಸು. ಅವನಿಗೆ ನಾನೇ ಹೇಳುವ ಧೈರ್ಯ

ಗುರುವಾರ, ಜನವರಿ 29

ಅಮ್ಮ, ಮೇಲಿನದು ಅರ್ಧಕ್ಕೆ ನಿಂತಿತ್ತು. ಊಟದ ಬೆಲ್ ಹೊಡೆಯಿತು ಅಂತ ಎದ್ದವಳು ಮತ್ತೆ ಕೂರಲಿಲ್ಲ, ಪೋಸ್ಟಿಗೂ ಹಾಕಲಿಲ್ಲ. ಧೈರ್ಯ ಇಲ್ಲ ಅಂತ ಬರೆಯಲು ಹೊರಟಿದ್ದೆ. ಹಾಗೇ ಬಿಟ್ಟಿದ್ದೇನೆ, ಹೊಡೆದುಹಾಕಿಲ್ಲ.

ಇವತ್ತು ಮಧ್ಯಾಹ್ನ ಅಪ್ಪ ಬಂದಿದ್ದ. ನರ್ಸರಿಗೆ ಹೋಗುವ ದಾರಿಯಲ್ಲಿ, ನೀನು ಕೊಟ್ಟ ಕೋಡುಬಳೆ ಡಬ್ಬ ತೆಗೆದುಕೊಂಡು ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ನೋಡಿದ ಕೂಡಲೇ ನನ್ನ ನಾಡಿ ನೂರಹನ್ನೆರಡು ದಾಟಿತು. ಬಸ್ ಸ್ಟ್ಯಾಂಡಿನ ಎದುರಿಗಿನ ಹೋಟೆಲಿನಲ್ಲಿ ಟೀ ಕುಡಿಯೋಣ ಅಂದ. ಕೂತೆವು. ಅವನು ಇನ್ನೂ ಟೀ ಊದಿ ಊದಿ ಆರಿಸುತ್ತಿದ್ದ, ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹದಿನೇಳು ಜಲ್ಲೆ, ಗಂಟು ಕಟ್ಟಿದ ಚುಕ್ಕಿ, ಕದ್ದು ಬಂದು ಅಳೆದದ್ದು, ಹೆಚ್ಚುಕಮ್ಮಿ ಒಂದೇ ಅನ್ನುವುದು.

ಅಪ್ಪ ಟೀ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಅಂಗಾರೆ ನಿನ್ ಕೈಲಿ ಮೋಸ ಮಾಡಿಸ್ದೋನು ನಾನಾ?"

ಇಲ್ಲಪ್ಪ, ನೀನು ಒಳ್ಳೆಯದನ್ನು ತೋರಿಸಿದೆ ಅಷ್ಟೆ, ಗೊತ್ತಿದ್ದೂ ಅಳೆದವಳು ನಾನು ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಪೀಚು ಕಬ್ಬನ್ನೆಲ್ಲ ಅಳೆದು ಕಾಲೇಜಿನ ಬೋರ್ಡಿನ ಮೇಲೆ ಹಾಕಿದರೆ ಬೆಳೆದವನ ಮರ್ಯಾದೆ ಏನಾಗಬೇಕು ಅಂತ ಕೇಳಿದ. ಅದಕ್ಕೆ ನಾನು ನನ್ನ ಒಂಟಿ ಚುಕ್ಕಿಯ ಕಥೆ ಹೇಳಿದೆ. ಅದನ್ನು ಅಳಿಸಿ ಅಂತ ಆ ಹುಡುಗ ಅಂದದ್ದು, ಮೇಡಂ ಅಳಿಸದೆ ಇದ್ದದ್ದು. ಆ ಪೀಚು ಜಲ್ಲೆಯೂ ನಮ್ಮ ಗದ್ದೆಯದೇ ಅಲ್ಲವಾ ಅಪ್ಪ, ಅದನ್ನು ಬಿಟ್ಟರೆ ಅದು ಬೇರೆ ಯಾರದೋ ಗದ್ದೆ ಅಂದೆ.

ಅಪ್ಪ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. ಆಮೇಲೆ ಮೇಜಿನ ಮೇಲಿದ್ದ ನನ್ನ ಕೈ ಹಿಡಿದು ಮಣಿಕಟ್ಟು ಒತ್ತಿದ. ಎಣಿಸಲು ಅವನಿಗೆ ಬರುವುದಿಲ್ಲ, ತಪ್ಪು ಕಡೆ ಬೆರಳಿಟ್ಟಿದ್ದ. ನಾನು ತಿದ್ದಲಿಲ್ಲ.

"ಇಷ್ಟ್ ಯಾಕ್ ಎದುರ್ತೀಯ ಮಗಾ? ನಾನೇನ್ ಉಲಿಯಾ?"

ಆಮೇಲೆ ಅವನು ಕೇಳಿದ ಪ್ರಶ್ನೆಯನ್ನು ಮೇಡಂ ಕೇಳಿಸಿಕೊಳ್ಳಬೇಕಿತ್ತು. ಎರಡೂ ಒಂದೇ ಅಂದೆಯಲ್ಲ, ದೊಡ್ಡಪ್ಪನ ಗದ್ದೆಗೆ ನೀರು ಮೊದಲು ಹೋಗುತ್ತೆ, ನಮ್ಮದಕ್ಕೆ ಉಳಿದದ್ದು ಬರುತ್ತೆ. ಹಾಗಿರುವಾಗ ಒಂದೇ ಬಂದಿದೆ ಅಂದರೆ ಸಸಿಯ ಗುಣ ಯಾವುದು, ನೀರಿನ ಗುಣ ಯಾವುದು ಅಂತ ಹೇಗೆ ಹೇಳುತ್ತೀಯ? ಅಮ್ಮ, ನಮಗೆ ಇದು ಮುಂದಿನ ಚಾಪ್ಟರ್. ನಾನು ಹೋಟೆಲಿನ ಬಿಲ್ಲಿನ ಹಿಂದೆ ಚೌಕ ಚೌಕ ಬರೆದು ತೋರಿಸಿದೆ. ಈ ಸಲ ಕಡಿದ ಮೇಲೆ ಎರಡೂ ಗದ್ದೆಯನ್ನು ಎಂಟೆಂಟು ಪಟ್ಟೆ ಮಾಡುವುದು. ಯಾವ ಪಟ್ಟೆಗೆ ಸಸಿ, ಯಾವುದಕ್ಕೆ ತುಂಡು ಅಂತ ಚೀಟಿ ಎತ್ತುವುದು. ಆಗ ನೀರೂ ಮಣ್ಣೂ ಇಬ್ಬರಿಗೂ ಪಾಲಾಗುತ್ತೆ. ವರ್ಷ ಕಳೆದು ಅಳೆದರೆ ಏನಾದರೂ ಹೇಳಬಹುದು. ಅಲ್ಲಿಯ ತನಕ ಹೊಸ ಗದ್ದೆಗೆ ಕೈ ಹಾಕುವುದು ಬೇಡ.

ಅಂದರೆ ಅಣ್ಣನ್ನ ನಾನು ಕೇಳಬೇಕು ಅಂತಾಯ್ತು ಅಂದ ಅಪ್ಪ. ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಎದ್ದು ಹೋಟೆಲಿನ ಆಚೆ ಹೋಗಿ, ನನಗೆ ಬೆನ್ನು ಹಾಕಿ ಫೋನ್ ಮಾಡಿದ. ನೀರಿನ ಮಾತಲ್ಲದೆ ಬೇರೆ ಮಾತಿಗೆ ದೊಡ್ಡಪ್ಪನಿಗೆ ಅವನು ಫೋನ್ ಮಾಡಿದ್ದು ಒಂದು ವರ್ಷದಲ್ಲಿ ಇದೇ ಮೊದಲಿರಬೇಕು. ಬಸ್ಸುಗಳ ಗದ್ದಲದಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಒಂದೇ ನಿಮಿಷಕ್ಕೆ ಒಳಗೆ ಬಂದ. ಒಪ್ಪಿದರಾ ಅಂದೆ. ಅಣ್ಣ ಒಂದು ಮಾತೂ ಎದುರಾಡದೆ ಆಯ್ತು ಕಣ್ಲಾ ಅಂದುಬಿಟ್ಟ, ಹುಷಾರಿಲ್ಲವೋ ಏನೋ ಅಂತ ಅಪ್ಪನಿಗೇ ಅನುಮಾನ.

ನರ್ಸರಿಗೆ ನಾನೂ ಜೊತೆಗೆ ಹೋದೆ. ಪಟ್ಟೆಗಳಿಗೆ ಬೇಕಾದಷ್ಟು ಸಸಿ ಮಾತ್ರ ಹೇಳಿದ. ನಾಲೆ ಮಗ್ಗುಲ ಗದ್ದೆಗೆ ಒಂದೂ ಇಲ್ಲ. ಅದು ಭತ್ತಕ್ಕೇ ಇರುತ್ತೆ.

ಈ ಕಾಗದ ಬರುವ ಹೊತ್ತಿಗೆ ಅಪ್ಪ ನಿನಗೆ ಏನೋ ಒಂದು ಕಾರಣ ಹೇಳಿರುತ್ತಾನೆ. ಸಸಿ ಯಾಕೋ ಚೆನ್ನಾಗಿ ಎದ್ದಿರಲಿಲ್ಲ ಅಂತ ಹೇಳುತ್ತೀನಿ, ನೀನು ಬಾಯಿ ಬಿಡಬೇಡ ಅಂತ ಬಸ್ಸು ಹತ್ತುವಾಗ ನನಗೆ ಹೇಳಿಯೇ ಹೋದ. ನೀನು ಅದನ್ನು ನಂಬಿದವಳ ಹಾಗೆ ಇರು. ನಾನು ಬರೆದೆ ಅಂತ ಗೊತ್ತಾಗುವುದು ಬೇಡ. ಓದಿರೋಳು ಹೇಳಿದಳು ಅಂತ ನೀನು ಗದ್ದೆ ಬಿಟ್ಟುಕೊಟ್ಟೆಯಲ್ಲ, ಅದಕ್ಕೆ ಮಾತ್ರ ನಾನು ಕ್ಷಮೆ ಕೇಳಬೇಕು. ಇನ್ನು ಮೇಲೆ ನಾನು ಏನಾದರೂ ನಂಬರ್ ತಂದು ಹೇಳಿದರೆ, ಯಾರು ಆರಿಸಿದ್ದು ಅಂತ ಮೊದಲು ಕೇಳು.

ಮನಸ್ಸು ಹಗುರವಾಗಿದೆ. ಕೋಡುಬಳೆಯನ್ನು ಪ್ರಿಯಾಂಕ ಅರ್ಧ ಖಾಲಿ ಮಾಡಿದ್ದಾಳೆ, ಗರಿ ಕುಯ್ದ ಗಾಯಕ್ಕೆ ಪರಿಹಾರವಂತೆ. ನಾಳೆ ಮೇಡಂಗೆ ಎರಡನೇ ಸುಳ್ಳನ್ನೂ ಒಪ್ಪಿಸುತ್ತೇನೆ. ಭತ್ತದ ನಾಟಿಯ ದಿನ ತಿಳಿಸು, ನಿಜವಾದ ರಜೆ ಹಾಕಿ ಬರುತ್ತೇನೆ. ಈ ಸಲ ಊರೊಳಗೇ ಬರುತ್ತೇನೆ.

ನಿನ್ನ ಮಗಳು,
ಶೋಭಿತಾ

ಮತ್ತೆ: ಹೆಚ್ಚುಕಮ್ಮಿ ಒಂದೇ ಅಂತ ಬರೆದೆನಲ್ಲ, ಅಪ್ಪನಿಗೂ ಹಾಗೇ ಹೇಳಿದೆ. ಹೆಚ್ಚು ಯಾರದು, ಕಮ್ಮಿ ಯಾರದು ಅಂತ ಅವನು ಕೇಳಲಿಲ್ಲ. ದೊಡ್ಡಪ್ಪನದು ಮೂರು ಸೆಂಟಿಮೀಟರ್ ಜಾಸ್ತಿ. ಮೂವತ್ತು ಜಲ್ಲೆಗೆ ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ, ಚೀಟಿ ಬೇರೆ ಬಿದ್ದಿದ್ದರೆ ಅದು ನಮ್ಮ ಕಡೆಗೂ ಬರಬಹುದಿತ್ತು ಅಂತ ಮೇಡಂ ಹೇಳಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಮೂರು ಸೆಂಟಿಮೀಟರ್ ಅಂದರೆ ಎಷ್ಟು ಅಂತ ನಿನಗೆ ಗೊತ್ತು. ಹೋದ ಶನಿವಾರ ದೊಡ್ಡಪ್ಪ ತಮ್ಮ ಮೊಬೈಲಿನಲ್ಲಿ ಎರಡು ಸಲ ಕೂಡಿ ನೋಡಿದರು. ಕುಣಿದುಬಿಡುತ್ತಾರೆ ಅಂದುಕೊಂಡಿದ್ದೆ. ಮೊಬೈಲು ಜೇಬಿಗೆ ಹಾಕಿಕೊಂಡು, "ಇದೊಂದ ನಿಮ್ಮಪ್ಪಂಗೆ ಏಳ್ಬ್ಯಾಡ ಕಣವ್ವ, ಅವ್ನು ಉಣ್ಣಾಕಿಲ್ಲ" ಅಂದರು.